ಹಡಗಿನಲ್ಲಿ ಒಂದು ಸೆಮಿಸ್ಟರ್: ದೇಶ ಸುತ್ತುತ್ತ ಓದಬಯಸುವವರಿಗೆ ಮಾಹಿತಿ

ಪದವಿ ಓದಿನ ಒಂದು ಸೆಮಿಸ್ಟರನ್ನು ಪ್ರಯಾಣಿಕ ಹಡಗಿನಲ್ಲಿ ಕಳೆದು, ದಾರಿಯಲ್ಲಿ ಸಿಗುವ ಹತ್ತಾರು ಬಂದರುಗಳಲ್ಲಿ ಇಳಿದು ನೋಡಿ, ಕೊನೆಗೆ ಅಂಕಪಟ್ಟಿ ಹಿಡಿದು ಮನೆಗೆ ಮರಳುವ ವ್ಯವಸ್ಥೆಗೆ ನೂರು ವರ್ಷದ ಇತಿಹಾಸವಿದೆ. ಸದ್ಯ ಈ ಬಗೆಯ ಕಾರ್ಯಕ್ರಮಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ‘ಸೆಮಿಸ್ಟರ್ ಅಟ್ ಸೀ’. ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಫಾರ್ ಶಿಪ್‌ಬೋರ್ಡ್ ಎಜುಕೇಷನ್ ಎಂಬ ಲಾಭರಹಿತ ಸಂಸ್ಥೆ ಇದನ್ನು ನಡೆಸುತ್ತದೆ. ಪಾಠ, ಪರೀಕ್ಷೆ, ಕ್ರೆಡಿಟ್‌ಗಳ ಹೊಣೆಯನ್ನು 2016ರಲ್ಲಿ ಕೊಲರಾಡೊ ಸ್ಟೇಟ್ ಯೂನಿವರ್ಸಿಟಿ ವಹಿಸಿಕೊಂಡಿತು.

ಒಂದು ಯಾನ ಸುಮಾರು ನೂರು ದಿನಗಳದ್ದು. ಅಷ್ಟರಲ್ಲಿ ಹಡಗು ಹತ್ತು ಹನ್ನೊಂದು ದೇಶಗಳಲ್ಲಿ ಲಂಗರು ಹಾಕುತ್ತದೆ. ಒಂದು ಯಾನ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಹೊರಟು ಡಿಸೆಂಬರ್‌ನಲ್ಲಿ ಮುಗಿದರೆ, ಇನ್ನೊಂದು ಜನವರಿಯಲ್ಲಿ ಹೊರಟು ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಊರಿನ ಕಾಲೇಜಿನಲ್ಲಿ ತಡವಾಗಿ ಬಂದರೆ, ಅರ್ಜಿಗೆ ಒಂದು ದಾಖಲೆ ಕಡಿಮೆ ಬಿದ್ದರೆ ಹೇಗೋ ಸರಿಪಡಿಸಿಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಹಡಗು ಯಾರಿಗೂ ಕಾಯುವುದಿಲ್ಲ. ಓದು, ಊಟ, ಸುತ್ತಾಟ, ಹಣ, ವೀಸಾ ಎಲ್ಲವೂ ಹಡಗಿನ ವೇಳಾಪಟ್ಟಿಗೆ ಹೊಂದಿಕೊಳ್ಳಬೇಕು. ಹಾಗಾಗಿ ಯಾನದ ಯಶಸ್ಸಿನಲ್ಲಿ ದೊಡ್ಡ ಪಾಲು ಹತ್ತುವ ಮುಂಚಿನ ತಯಾರಿಯದು.

ಹಿನ್ನೆಲೆ

ಈ ಪ್ರಯೋಗವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿದವರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕ ಜೇಮ್ಸ್ ಎಡ್ವಿನ್ ಲಫ್. ಪುಸ್ತಕದಲ್ಲಿ ಓದುವುದಕ್ಕಿಂತ ಕಣ್ಣಾರೆ ಕಂಡು ಕಲಿಯುವುದು ಮೇಲು ಎಂಬುದು ಅವರ ನಂಬಿಕೆ. 1926ರ ಸೆಪ್ಟೆಂಬರ್ 18ರಂದು ಎಸ್.ಎಸ್. ರಿಂಡಾಮ್ ಎಂಬ ಹಡಗು ಸುಮಾರು 500 ವಿದ್ಯಾರ್ಥಿಗಳನ್ನು ಹೊತ್ತು ನ್ಯೂಜೆರ್ಸಿಯ ಹೊಬೊಕೆನ್ ಬಂದರಿನಿಂದ ಹೊರಟು, ಭೂಮಿಯನ್ನು ಒಂದು ಸುತ್ತು ಹಾಕಿ 1927ರ ಮೇ ತಿಂಗಳಲ್ಲಿ ಮರಳಿತು. ಆದರೆ ಹೊರಡುವ ಮೊದಲೇ ವಿಶ್ವವಿದ್ಯಾಲಯ ತನ್ನ ಬೆಂಬಲವನ್ನು ಹಿಂತೆಗೆದುಕೊಂಡಿತ್ತು. ಹಡಗಿನಲ್ಲಿ ನಡೆದ ಪಾಠಕ್ಕೆ ದಡದ ಮೇಲಿನ ವಿಶ್ವವಿದ್ಯಾಲಯ ಮಾನ್ಯತೆ ಕೊಡುತ್ತದೆಯೇ ಎಂಬ ಪ್ರಶ್ನೆ ಅಂದಿನಿಂದಲೂ ಈ ಕಾರ್ಯಕ್ರಮಗಳ ಬೆನ್ನಿಗಿದೆ. ಇಂದಿನ ವಿದ್ಯಾರ್ಥಿಯೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಈಗಿನ ಕಾರ್ಯಕ್ರಮದ ಬೇರು 1963ರಲ್ಲಿದೆ. ‘ಯೂನಿವರ್ಸಿಟಿ ಆಫ್ ದ ಸೆವೆನ್ ಸೀಸ್’ ಎಂಬ ಹೆಸರಿನಲ್ಲಿ ಆ ವರ್ಷ ಮೊದಲ ಯಾನ ನಡೆಯಿತು. 1960ರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯಾದ ಚಾಪ್‌ಮನ್ ಕಾಲೇಜು ಪಾಠದ ಹೊಣೆ ಹೊತ್ತುಕೊಂಡಿತು. ಆಮೇಲೆ ಕೈಹಿಡಿದವರು ಹಾಂಗ್‌ಕಾಂಗ್‌ನ ಹಡಗು ಉದ್ಯಮಿ ಸಿ.ವೈ. ಟುಂಗ್. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ಹಡಗಾಗಿದ್ದ ‘ಕ್ವೀನ್ ಎಲಿಜಬೆತ್’ ಅನ್ನು 1970ರಲ್ಲಿ ಕೊಂಡು, ತೇಲುವ ವಿಶ್ವವಿದ್ಯಾಲಯವಾಗಿ ಮಾರ್ಪಡಿಸಲು ಅವರು ಹೊರಟರು. ಕೆಲಸ ಮುಗಿಯುವ ಹಂತದಲ್ಲಿ, 1972ರ ಜನವರಿಯಲ್ಲಿ, ಆ ಹಡಗು ಹಾಂಗ್‌ಕಾಂಗ್ ಬಂದರಿನಲ್ಲೇ ಬೆಂಕಿಗೆ ಆಹುತಿಯಾಯಿತು. ಟುಂಗ್ ಕೈಚೆಲ್ಲದೆ ಅದಕ್ಕಿಂತ ಚಿಕ್ಕದಾದ ಇನ್ನೊಂದು ಹಡಗನ್ನು ಒದಗಿಸಿದರು. ಮುಂದೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ, 2006ರಿಂದ ವರ್ಜೀನಿಯಾ ವಿಶ್ವವಿದ್ಯಾಲಯ, 2016ರಿಂದ ಕೊಲರಾಡೊ ಸ್ಟೇಟ್ ಹೀಗೆ ಹೊಣೆ ಕೈಯಿಂದ ಕೈಗೆ ಬಂದಿದೆ. 2015ರಿಂದ ಯಾನಗಳು ನಡೆದಿರುವುದು ‘ಎಂ.ವಿ. ವರ್ಲ್ಡ್ ಒಡಿಸ್ಸಿ’ ಹಡಗಿನಲ್ಲಿ. 1998ರಲ್ಲಿ ಜರ್ಮನಿಯಲ್ಲಿ ‘ಡಾಯ್ಚ್‌ಲಾಂಡ್’ ಎಂಬ ಹೆಸರಿನಿಂದ ನೀರಿಗಿಳಿದ ಇದರ ಉದ್ದ ಸುಮಾರು 175 ಮೀಟರ್.

ಪಾಠ ನಡೆಯುವ ಬಗೆ

ಹಡಗು ನಡುಗಡಲಿನಲ್ಲಿದ್ದಾಗ ಪ್ರತಿದಿನ ತರಗತಿ. ಶನಿವಾರ, ಭಾನುವಾರಗಳ ರಜೆ ಎಂಬುದಿಲ್ಲ. ನೂರು ದಿನಗಳಲ್ಲಿ ಅರ್ಧದಷ್ಟು ಬಂದರುಗಳಲ್ಲೇ ಕಳೆಯುವುದರಿಂದ, ಸೆಮಿಸ್ಟರಿನ ಅಷ್ಟೂ ಪಾಠ ಉಳಿದ ಅರ್ಧದಲ್ಲಿ ಮುಗಿಯಬೇಕು. ದಿನಗಳನ್ನು ‘ಎ’ ಮತ್ತು ‘ಬಿ’ ಎಂದು ವಿಂಗಡಿಸಿರುತ್ತಾರೆ. ಅರ್ಧದಷ್ಟು ವಿಷಯಗಳು ಎ ದಿನ, ಉಳಿದವು ಬಿ ದಿನ. ‘ಇವತ್ತು ಮಂಗಳವಾರವೋ ಬುಧವಾರವೋ’ ಎಂಬುದು ಒಂದೆರಡು ವಾರದಲ್ಲೇ ಮರೆತುಹೋಗಿ, ‘ಇವತ್ತು ಎ ದಿನ’ ಎಂಬ ಲೆಕ್ಕ ಮಾತ್ರ ಉಳಿಯುತ್ತದೆ.

ಒಬ್ಬ ವಿದ್ಯಾರ್ಥಿ ಸಾಮಾನ್ಯವಾಗಿ 12ರಿಂದ 15 ಕ್ರೆಡಿಟ್‌ಗಳಷ್ಟು ವಿಷಯ ಆಯ್ದುಕೊಳ್ಳುತ್ತಾನೆ. ‘ಗ್ಲೋಬಲ್ ಸ್ಟಡೀಸ್’ ಎಂಬ ಒಂದು ಪತ್ರಿಕೆ ಎಲ್ಲರಿಗೂ ಇರುತ್ತದೆ. ಮುಂದಿನ ಬಂದರಿನ ದೇಶದ ಚರಿತ್ರೆ, ರಾಜಕೀಯ, ಆರ್ಥಿಕತೆ, ಧರ್ಮಗಳ ಪರಿಚಯವೇ ಅದರ ಹೂರಣ. ಉಳಿದಂತೆ ಸಾಗರ ಜೀವಶಾಸ್ತ್ರ, ಮಾನವಶಾಸ್ತ್ರ, ಅಂತರರಾಷ್ಟ್ರೀಯ ವ್ಯಾಪಾರ, ಸಾಹಿತ್ಯ, ಸಂಗೀತದಂಥ ವಿಷಯಗಳು ಪ್ರತಿ ಯಾನಕ್ಕೂ ಬದಲಾಗುತ್ತವೆ. ಪ್ರಯೋಗಾಲಯವೇ ಬೇಕಾದ ಎಂಜಿನಿಯರಿಂಗ್, ರಸಾಯನಶಾಸ್ತ್ರದ ಮುಖ್ಯ ಪತ್ರಿಕೆಗಳನ್ನು ಹಡಗಿನಲ್ಲಿ ನಿರೀಕ್ಷಿಸುವಂತಿಲ್ಲ. ಅಂಥ ವಿದ್ಯಾರ್ಥಿಗಳು ಐಚ್ಛಿಕ ವಿಷಯಗಳನ್ನು ಈ ಸೆಮಿಸ್ಟರಿಗೆಂದು ಮೀಸಲಿಟ್ಟುಕೊಳ್ಳುವುದು ಜಾಣತನ.

ಪ್ರತಿ ವಿಷಯಕ್ಕೂ ಒಂದು ಬಂದರಿನಲ್ಲಿ ದಿನವಿಡೀ ನಡೆಯುವ ಕ್ಷೇತ್ರ ತರಗತಿ ಇರುತ್ತದೆ. ಇದು ಕಡ್ಡಾಯ, ಅಂಕಗಳಲ್ಲಿ ಇದರ ಪಾಲು ದೊಡ್ಡದು. ಪ್ರಾಧ್ಯಾಪಕರೇ ವಿದ್ಯಾರ್ಥಿಗಳನ್ನು ಕರೆದುಕೊಂಡು ಆಸ್ಪತ್ರೆ, ಕಾರ್ಖಾನೆ, ಹವಳದ ದಿಬ್ಬ, ವಸ್ತುಸಂಗ್ರಹಾಲಯ ಹೀಗೆ ವಿಷಯಕ್ಕೆ ತಕ್ಕ ಜಾಗಕ್ಕೆ ಹೋಗುತ್ತಾರೆ. ಹಿಂತಿರುಗಿದ ಮೇಲೆ ವರದಿ ಬರೆಯಬೇಕು. ಕ್ಷೇತ್ರ ತರಗತಿಯ ದಿನಾಂಕಗಳನ್ನು ನೋಡದೆ ಆ ದಿನಕ್ಕೆ ಬೇರೆ ಊರಿನ ಟಿಕೆಟ್ ತೆಗೆಸಿಕೊಳ್ಳುವುದು ಹೊಸಬರಲ್ಲಿ ಸಾಮಾನ್ಯ ತಪ್ಪು. ವಿಷಯಗಳನ್ನು ಆಯುವಾಗಲೇ ಬಂದರು, ದಿನಾಂಕ ಎರಡನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಈ ತೊಂದರೆ ಬರುವುದಿಲ್ಲ.

ಪ್ರಾಧ್ಯಾಪಕರು, ಅವರ ಮನೆಯವರು, ಕೆಲವು ಹಿರಿಯ ಕಲಿಕಾರ್ಥಿಗಳು ಎಲ್ಲರೂ ಒಂದೇ ಹಡಗಿನಲ್ಲಿ ಇರುವುದರಿಂದ ಪಾಠ ತರಗತಿಯಲ್ಲೇ ಮುಗಿಯುವುದಿಲ್ಲ. ಬೆಳಿಗ್ಗೆ ಅರ್ಥಶಾಸ್ತ್ರ ಹೇಳಿದವರು ಮಧ್ಯಾಹ್ನ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ಹಿಂದೆಯೇ ನಿಂತಿರುತ್ತಾರೆ. ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಒಂದಕ್ಕಿಂತ ಹೆಚ್ಚು ಯಾನಗಳಲ್ಲಿ ವಿದ್ಯಾರ್ಥಿಗಳೊಂದಿಗೆ ಪಯಣಿಸಿದ್ದರು.

ಬಂದರಿನ ದಿನಗಳು

ಒಂದು ಬಂದರಿನಲ್ಲಿ ಹಡಗು ಸಾಮಾನ್ಯವಾಗಿ ನಾಲ್ಕರಿಂದ ಆರು ದಿನ ನಿಲ್ಲುತ್ತದೆ. ಅದಕ್ಕೆ ಮುಂಚಿನ ಸಂಜೆ ಎಲ್ಲರನ್ನೂ ಸೇರಿಸಿ ಆ ದೇಶದ ಹಣ, ಸಾರಿಗೆ, ಕುಡಿಯುವ ನೀರು, ಉಡುಪಿನ ರೀತಿ, ಕಳ್ಳರ ಕಾಟ, ಮೋಸಹೋಗುವ ಜಾಗಗಳ ಬಗ್ಗೆ ತಿಳಿಸುತ್ತಾರೆ. ಕೆಲವೊಮ್ಮೆ ಆ ದೇಶದವರೇ ಒಬ್ಬರು ಹಿಂದಿನ ಬಂದರಿನಲ್ಲೇ ಹಡಗು ಹತ್ತಿ ತಮ್ಮ ನಾಡಿನ ಬಗ್ಗೆ ಹೇಳುವುದುಂಟು. ಬಂದರು ತಲುಪಿದ ಕೂಡಲೇ ಇಳಿಯಲು ಬಿಡುವುದಿಲ್ಲ. ವಲಸೆ, ಆರೋಗ್ಯ, ಕಸ್ಟಮ್ಸ್ ಅಧಿಕಾರಿಗಳ ತಪಾಸಣೆ ಮುಗಿದು ಧ್ವನಿವರ್ಧಕದಲ್ಲಿ ಪ್ರಕಟಣೆ ಬರಬೇಕು. ಇದಕ್ಕೆ ಕೆಲವು ಗಂಟೆಗಳೇ ಹಿಡಿಯಬಹುದು. ಹಾಗಾಗಿ ಹಡಗು ಬೆಳಿಗ್ಗೆ ಎಂಟಕ್ಕೆ ತಲುಪುತ್ತದೆಂದು ಹತ್ತು ಗಂಟೆಯ ರೈಲಿಗೆ ಟಿಕೆಟ್ ತೆಗೆಸಬಾರದು.

ಇಳಿಯುವಾಗಲೂ ಹತ್ತುವಾಗಲೂ ಗ್ಯಾಂಗ್‌ವೇ ಬಳಿ ಗುರುತಿನ ಚೀಟಿಯನ್ನು ಯಂತ್ರಕ್ಕೆ ತೋರಿಸಬೇಕು. ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂಬ ಲೆಕ್ಕ ಅದರಿಂದಲೇ ಸಿಗುತ್ತದೆ. ಚೀಲಗಳು ವಿಮಾನ ನಿಲ್ದಾಣದಲ್ಲಿರುವಂಥ ಎಕ್ಸ್‌ರೇ ಯಂತ್ರದ ಮೂಲಕ ಹಾದುಹೋಗುತ್ತವೆ. ಹಡಗಿನ ಊಟದ ಕೋಣೆಯಿಂದ ಜೇಬಿಗೆ ಹಾಕಿಕೊಂಡ ಬಾಳೆಹಣ್ಣನ್ನು ಕೂಡ ದಡಕ್ಕೆ ಒಯ್ಯುವಂತಿಲ್ಲ. ಕೃಷಿ ರೋಗಗಳು ಹರಡದಿರಲೆಂದು ಹೆಚ್ಚಿನ ದೇಶಗಳು ಹಣ್ಣು, ಬೀಜ, ಮಾಂಸಗಳನ್ನು ಬಂದರಿನಲ್ಲೇ ತಡೆಯುತ್ತವೆ.

ಸುತ್ತಾಟಕ್ಕೆ ಎರಡು ದಾರಿ. ಕಾರ್ಯಕ್ರಮದವರೇ ಏರ್ಪಡಿಸುವ ಪ್ರವಾಸಗಳಿಗೆ ದುಡ್ಡು ಹೆಚ್ಚು, ಆದರೆ ಬಸ್ಸು ಕೆಟ್ಟು ನಿಂತರೂ ಹೊಣೆ ಅವರದು. ಸ್ವಂತವಾಗಿ ಹೋದರೆ ಖರ್ಚು ಕಡಿಮೆ, ತಡವಾದರೆ ತೊಂದರೆ ತನ್ನದೇ. ಹಡಗು ಹೊರಡುವ ಕೆಲವು ಗಂಟೆ ಮೊದಲೇ ಎಲ್ಲರೂ ಒಳಗಿರಬೇಕೆಂಬ ಗಡುವು ಇರುತ್ತದೆ. ಅದನ್ನು ಮೀರಿ ಬಂದವರಿಗೆ ಮುಂದಿನ ಬಂದರಿನಲ್ಲಿ ಇಳಿಯಲು ತಡ ಮಾಡುವ ಶಿಕ್ಷೆಯಿದೆ. ಇದಕ್ಕೆ ‘ಡಾಕ್ ಟೈಮ್’ ಎನ್ನುತ್ತಾರೆ. ಕೆಲವು ನಿಮಿಷದ ತಡಕ್ಕೆ ಕೆಲವು ಗಂಟೆಗಳ ಕಾಯುವಿಕೆ. ಹಡಗೇ ಹೊರಟುಹೋದರೆ ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ವಿಮಾನ ಹಿಡಿಯಬೇಕು. ಆ ದೇಶಕ್ಕೆ ವಿಮಾನದಲ್ಲಿ ಇಳಿಯಲು ವೀಸಾ ಇದೆಯೇ ಎಂಬುದು ಇನ್ನೊಂದು ತಲೆನೋವು. ದೂರದ ಊರಿಗೆ ಹೋದವರು ಕೊನೆಯ ದಿನವನ್ನು ಬಂದರು ನಗರದಲ್ಲೇ ಕಳೆಯುವಂತೆ ಯೋಜಿಸಿಕೊಳ್ಳಬೇಕು.

ಪಾಠಕ್ಕೂ ಊರಿಗೂ ನಂಟು ಬೆಸೆಯುವ ಜಾಗಗಳು ಈ ದಾರಿಗಳಲ್ಲಿ ಬೇಕಾದಷ್ಟಿವೆ. ಘಾನಾದಲ್ಲಿ ನಿಂತರೆ 1482ರಲ್ಲಿ ಪೋರ್ಚುಗೀಸರು ಕಟ್ಟಿಸಿದ ಎಲ್ಮಿನಾ ಕೋಟೆಯನ್ನೂ, ಅದರ ಹತ್ತಿರದ ಕೇಪ್ ಕೋಸ್ಟ್ ಕೋಟೆಯನ್ನೂ ನೋಡಬಹುದು. ಗುಲಾಮರನ್ನು ಹಡಗಿಗೆ ತುಂಬುವ ಮುನ್ನ ಕೂಡಿಹಾಕುತ್ತಿದ್ದ ಕತ್ತಲ ಕೋಣೆಗಳೂ, ಕಡಲಿನ ಕಡೆಗೆ ತೆರೆಯುವ ಕಿರಿದಾದ ಬಾಗಿಲೂ ಅಲ್ಲಿವೆ. ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಅಧ್ಯಾಯವನ್ನು ಹಿಂದಿನ ವಾರವಷ್ಟೇ ಓದಿದವರಿಗೆ ಆ ಗೋಡೆಗಳ ನಡುವೆ ನಿಂತಾಗ ಪುಸ್ತಕದ ಅಂಕಿಗಳ ಅರ್ಥ ಬೇರೆಯಾಗುತ್ತದೆ. ಕೇಪ್‌ಟೌನ್‌ನಲ್ಲಿ ನೆಲ್ಸನ್ ಮಂಡೇಲಾ ಸೆರೆಯಲ್ಲಿದ್ದ ರಾಬೆನ್ ದ್ವೀಪ, ಜಪಾನಿನ ಕೋಬೆಯಿಂದ ರೈಲಿನಲ್ಲಿ ತಲುಪಬಹುದಾದ ಹಿರೋಷಿಮಾ, ವಿಯೆಟ್ನಾಮಿನ ಹೋ ಚಿ ಮಿನ್ ನಗರದ ಬಳಿಯ ಕು ಚಿ ಸುರಂಗಗಳು ಇಂಥವೇ ಜಾಗಗಳು.

ಭಾರತದಲ್ಲಿ ಹಿಂದೆ ಹಲವು ಯಾನಗಳು ಚೆನ್ನೈಯಲ್ಲಿ ನಿಂತಿದ್ದವು. ಈಚಿನ ಹಲವು ಯಾನಗಳು ಕೊಚ್ಚಿಯನ್ನು ಆಯ್ದುಕೊಂಡಿವೆ. ಫೋರ್ಟ್ ಕೊಚ್ಚಿಯ ಚೀನೀ ಬಲೆಗಳು, 1568ರಲ್ಲಿ ಕಟ್ಟಿದ ಮಟ್ಟಾಂಚೇರಿಯ ಪರದೇಶಿ ಸಿನಗಾಗ್, ಮೆಣಸಿನ ವ್ಯಾಪಾರದ ಹಳೆಯ ಬೀದಿಗಳು ಹಿಂದೂ ಮಹಾಸಾಗರದ ವಾಣಿಜ್ಯದ ಪಾಠಕ್ಕೆ ಒದಗಿಬರುತ್ತವೆ. ಅಮೆರಿಕದಲ್ಲಿ ಬೆಳೆದ ಕನ್ನಡಿಗರ ಮಕ್ಕಳು ಯಾನದಲ್ಲಿದ್ದರೆ, ಓಸಿಐ ಕಾರ್ಡ್ ಇರುವವರಿಗೆ ಭಾರತದ ವೀಸಾ ಬೇಡ. ಆದರೆ ಹಡಗು ನಿಂತಿರುವ ನಾಲ್ಕೈದು ದಿನಗಳಲ್ಲಿ ಅಜ್ಜ–ಅಜ್ಜಿಯ ಊರಿಗೆ ಹೋಗಿಬರುವ ಆಸೆ ಇದ್ದವರು ಕ್ಷೇತ್ರ ತರಗತಿಯ ದಿನವನ್ನು ಬಿಟ್ಟು ಲೆಕ್ಕ ಹಾಕಬೇಕು.

ಹಡಗಿನ ಮೇಲಿನ ಬದುಕು

ಕೋಣೆಗಳು ಎರಡು ಬಗೆ: ಕಿಟಕಿ ಇರುವ ಹೊರಗಿನವು, ಕಿಟಕಿ ಇಲ್ಲದ ಒಳಗಿನವು. ಇಬ್ಬರು ಅಥವಾ ಮೂವರು ಹಂಚಿಕೊಳ್ಳಬೇಕು. ಬಚ್ಚಲು ಕೋಣೆಯೊಳಗೇ ಇದ್ದರೂ ತೀರಾ ಇಕ್ಕಟ್ಟು. ಒಳಗಿನ ಕೋಣೆಯ ಶುಲ್ಕ ಕಡಿಮೆ. ಹಗಲೆಲ್ಲ ತರಗತಿ, ಗ್ರಂಥಾಲಯ, ಡೆಕ್‌ಗಳಲ್ಲೇ ಇರುವುದರಿಂದ ಮಲಗಲು ಮಾತ್ರ ಬರುವವರಿಗೆ ಅದೇ ಸಾಕು.

ಸಮುದ್ರದ ವಾಕರಿಕೆ ಮೊದಲ ವಾರದ ದೊಡ್ಡ ತೊಂದರೆ. ಒಳಕಿವಿ ಅಲುಗಾಟವನ್ನು ಗ್ರಹಿಸುತ್ತದೆ, ಕಣ್ಣಿಗೆ ಕಾಣುವ ಗೋಡೆ ಮಾತ್ರ ಅಲುಗುವುದಿಲ್ಲ. ಈ ಎರಡರ ತಾಳ ತಪ್ಪುವುದರಿಂದ ತಲೆಸುತ್ತು, ವಾಂತಿ ಬರುತ್ತದೆ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತುಗಳಲ್ಲಿ ಅಲುಗಾಟ ಕಡಿಮೆ. ಡೆಕ್‌ಗೆ ಬಂದು ದೂರದ ದಿಗಂತವನ್ನು ನೋಡುತ್ತ ನಿಂತರೆ ಹಲವರಿಗೆ ಆರಾಮವಾಗುತ್ತದೆ. ಹೊಟ್ಟೆ ಖಾಲಿ ಬಿಡದೆ ಸ್ವಲ್ಪ ಸ್ವಲ್ಪ ತಿನ್ನುವುದು, ಶುಂಠಿ ಜಗಿಯುವುದು ಸಹಾಯಕ. ಮಾತ್ರೆ ನುಂಗುವವರು ವಾಕರಿಕೆ ಶುರುವಾಗುವ ಮೊದಲೇ ನುಂಗಬೇಕು. ಅದು ನಿದ್ದೆ ತರಿಸುವುದರಿಂದ ವೈದ್ಯರನ್ನು ಕೇಳಿಕೊಂಡೇ ತೆಗೆದುಕೊಳ್ಳಬೇಕು. ಹೆಚ್ಚಿನವರ ದೇಹ ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ.

ಗಡಿಯಾರವೂ ಹಡಗಿನೊಂದಿಗೆ ಚಲಿಸುತ್ತದೆ. ಪೂರ್ವಕ್ಕೆ ಸಾಗುವಾಗ ಆಗಾಗ ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು, ಅಂದರೆ ಆ ದಿನಕ್ಕೆ 23 ಗಂಟೆ. ಪಶ್ಚಿಮಕ್ಕೆ ಸಾಗಿದರೆ 25 ಗಂಟೆಯ ದಿನ. ಬೆಳಿಗ್ಗೆ ಎಂಟರ ತರಗತಿ ಇರುವವರಿಗೆ ಸತತವಾಗಿ 23 ಗಂಟೆಯ ದಿನಗಳು ಬಂದರೆ ನಿದ್ದೆಯ ಸಾಲ ಏರುತ್ತಲೇ ಹೋಗುತ್ತದೆ. ಹೊನೊಲುಲುವಿನಿಂದ ಜಪಾನಿನತ್ತ ಹೊರಟ ಹಡಗು ಅಂತರರಾಷ್ಟ್ರೀಯ ದಿನರೇಖೆಯನ್ನು ದಾಟುವಾಗ ಕ್ಯಾಲೆಂಡರಿನ ಒಂದು ದಿನವೇ ಮಾಯವಾಗುತ್ತದೆ. ಆ ದಿನ ಹುಟ್ಟಿದವರಿಗೆ ಆ ವರ್ಷ ಹುಟ್ಟುಹಬ್ಬವಿಲ್ಲ.

ಊಟ ಬಫೆ ಪದ್ಧತಿಯದು. ಸಸ್ಯಾಹಾರಿಗಳಿಗೆ ಅನ್ನ, ಆಲೂಗಡ್ಡೆ, ಪಾಸ್ತಾ, ಸಲಾಡ್, ಬ್ರೆಡ್ಡು ಸಿಗುತ್ತವೆ. ಖಾರ, ಹುಳಿ ರೂಢಿಯಿರುವ ನಾಲಿಗೆಗೆ ನೂರು ದಿನ ಇದು ಸಪ್ಪೆಯೇ. ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯುವ ಆಸೆ ಸಹಜ. ಆದರೆ ಮನೆಯಲ್ಲಿ ಮಾಡಿದ ಪದಾರ್ಥವನ್ನು ಹಡಗಿಗೆ ಬಿಡುತ್ತಾರೆಯೇ, ಹಡಗು ಹತ್ತುವ ದೇಶದ ಕಸ್ಟಮ್ಸ್ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಮುಚ್ಚಿದ ಪ್ಯಾಕೆಟ್ಟು, ಅದರ ಮೇಲೆ ಪದಾರ್ಥಗಳ ಪಟ್ಟಿ ಇದ್ದರೆ ತಕರಾರು ಕಡಿಮೆ. ಎಲೆಕ್ಟ್ರಿಕ್ ಕೆಟಲ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್ ಯಾವುದನ್ನೂ ಕೋಣೆಗೆ ಬಿಡುವುದಿಲ್ಲ. ನಡುಗಡಲಿನಲ್ಲಿ ಹಡಗಿಗೆ ಬೆಂಕಿಯಷ್ಟು ದೊಡ್ಡ ಅಪಾಯ ಬೇರೆ ಕಡಿಮೆ.

ಇಂಟರ್‌ನೆಟ್ ಉಪಗ್ರಹದ ಮೂಲಕ ಬರುತ್ತದೆ. ಊರಿನಲ್ಲಿರುವಂತೆ ದಿನವಿಡೀ ವಿಡಿಯೊ ಕರೆ ಮಾಡುತ್ತೇನೆಂದು ಮನೆಯವರಿಗೆ ಮಾತು ಕೊಡುವುದು ಸರಿಯಲ್ಲ. ಬಂದರು ಬಂದಾಗ ಕರೆ, ಕಡಲಿನಲ್ಲಿ ಸಂದೇಶ ಎಂದು ಮೊದಲೇ ಹೇಳಿಟ್ಟರೆ ಎರಡು ದಿನ ಸುದ್ದಿ ಬಾರದಿದ್ದರೂ ತಂದೆ–ತಾಯಿ ಗಾಬರಿಯಾಗುವುದಿಲ್ಲ.

ಕ್ರೆಡಿಟ್ ಮತ್ತು ಅನುಮತಿ

ಅರ್ಜಿ ಹಾಕುವವರು ಸಾಮಾನ್ಯವಾಗಿ ಯಾವುದಾದರೂ ಕಾಲೇಜಿನಲ್ಲಿ ಪದವಿ ಓದುತ್ತಿರಬೇಕು, ಅಂಕಗಳು ಚೆನ್ನಾಗಿರಬೇಕು, ಶಿಸ್ತಿನ ದಾಖಲೆ ಶುದ್ಧವಾಗಿರಬೇಕು. ಹೆಚ್ಚಿನವರು ಅಮೆರಿಕದ ಕಾಲೇಜುಗಳಿಂದ ಬರುತ್ತಾರೆ, ಬೇರೆ ದೇಶದವರಿಗೂ ಅವಕಾಶವಿದೆ.

ಭಾರತದ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರು ಎಲ್ಲಕ್ಕಿಂತ ಮೊದಲು ತಮ್ಮ ವಿಭಾಗದ ಮುಖ್ಯಸ್ಥರನ್ನು, ಪರೀಕ್ಷಾ ವಿಭಾಗವನ್ನು ಕಾಣಬೇಕು. ಯಾವ ಪತ್ರಿಕೆಗೆ ಬದಲಾಗಿ ಯಾವುದು, ಎಷ್ಟು ಕ್ರೆಡಿಟ್ ವರ್ಗಾವಣೆಯಾಗುತ್ತದೆ, ಹಾಜರಾತಿ ಕೊರತೆಯನ್ನು ಹೇಗೆ ಪರಿಗಣಿಸುತ್ತಾರೆ ಎಂಬುದನ್ನು ಪಠ್ಯವಿವರಗಳ ಪ್ರತಿ ಕೊಟ್ಟು ಬರಹದಲ್ಲಿ ಪಡೆಯಬೇಕು. ‘ನೋಡೋಣ, ಬಂದ ಮೇಲೆ ಮಾಡಿಕೊಡೋಣ’ ಎಂಬ ಬಾಯಿಮಾತನ್ನು ನೆಚ್ಚಿಕೊಂಡು ಹೊರಡುವುದು ಒಂದು ಸೆಮಿಸ್ಟರನ್ನೇ ಪಣಕ್ಕಿಟ್ಟಂತೆ. ಕ್ರೆಡಿಟ್ ಸಿಗದೆಂದು ಗೊತ್ತಾದರೆ, ಪದವಿ ಮುಗಿದ ಮೇಲೆ ಹೋಗಬಹುದೇ ಎಂದು ಕಾರ್ಯಕ್ರಮದವರನ್ನು ವಿಚಾರಿಸಬಹುದು.

ಅಮೆರಿಕದಲ್ಲಿ ಎಫ್–1 ವೀಸಾದ ಮೇಲೆ ಓದುತ್ತಿರುವ ಕನ್ನಡಿಗ ವಿದ್ಯಾರ್ಥಿಗಳ ಪರಿಸ್ಥಿತಿ ಬೇರೆ. ಅವರು ತಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅನುಮತಿ ಪಡೆದು, ಐ–20 ದಾಖಲೆಯ ಮೇಲೆ ಪ್ರಯಾಣದ ಸಹಿ ಹಾಕಿಸಿಕೊಂಡಿರಬೇಕು. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆ ಯಾನದ ನಡುವೆ ಮುಗಿಯುವಂತಿದ್ದರೆ, ಅಮೆರಿಕಕ್ಕೆ ಮರಳುವ ಮುನ್ನ ಹೊಸ ಮುದ್ರೆ ಬೇಕಾಗುತ್ತದೆ. ಅದಕ್ಕೆ ಬೇಕಾದ ದಿನಗಳನ್ನು ರಜೆಯಲ್ಲಿ ಹೊಂದಿಸಿಕೊಳ್ಳಬೇಕು.

ಹಣದ ಲೆಕ್ಕ

ಒಂದು ಯಾನದ ಶುಲ್ಕ ಡಾಲರ್‌ನಲ್ಲೇ ಐದಂಕಿಯ ಮೊತ್ತ. ಪಾಠ, ಕೋಣೆ, ಊಟ ಇದರಲ್ಲಿ ಸೇರುತ್ತವೆ, ಕೋಣೆಯ ಬಗೆಗೆ ತಕ್ಕಂತೆ ಮೊತ್ತ ಏರಿಳಿಯುತ್ತದೆ. ವೀಸಾ, ಲಸಿಕೆ, ವಿಮೆ, ಹಡಗು ಹತ್ತುವ ಊರಿಗೆ ವಿಮಾನ, ಬಂದರುಗಳಲ್ಲಿನ ಸುತ್ತಾಟ, ಬಟ್ಟೆ ಒಗೆಸುವುದು ಇವುಗಳಿಗೆ ಬೇರೆ ದುಡ್ಡು ಬೇಕು. ಬಜೆಟ್ ಹಾಕುವವರು ಶುಲ್ಕವನ್ನಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ. ಬಂದರೊಂದಕ್ಕೆ ಇಷ್ಟು ಎಂದು ಮೊದಲೇ ಕಟ್ಟು ಹಾಕಿಕೊಳ್ಳದವರು ಮೊದಲ ಮೂರು ಬಂದರುಗಳಲ್ಲೇ ಕೈ ಖಾಲಿ ಮಾಡಿಕೊಳ್ಳುವುದುಂಟು.

ಆರ್ಥಿಕ ಸ್ಥಿತಿಯ ಆಧಾರದ ಮೇಲೆ ನೆರವು, ಅಂಕಗಳ ಆಧಾರದ ವಿದ್ಯಾರ್ಥಿವೇತನ, ಹಡಗಿನಲ್ಲೇ ಕೆಲವು ಗಂಟೆ ಕೆಲಸ ಮಾಡಿ ಶುಲ್ಕದಲ್ಲಿ ರಿಯಾಯಿತಿ ಪಡೆಯುವ ಅವಕಾಶ ಇವೆ. ಕೆಲವು ನೆರವು ಅಮೆರಿಕದ ಪ್ರಜೆಗಳಿಗೆ ಮಾತ್ರ ಮೀಸಲು, ಆದ್ದರಿಂದ ಪ್ರತಿಯೊಂದರ ಅರ್ಹತೆಯನ್ನು ಓದಿಕೊಳ್ಳಬೇಕು. ಭಾರತದ ಬ್ಯಾಂಕುಗಳ ಶಿಕ್ಷಣ ಸಾಲ ಬಹುಪಾಲು ಪೂರ್ಣ ಪದವಿಗಳನ್ನು ಗಮನದಲ್ಲಿಟ್ಟು ರೂಪಿಸಿದ್ದು. ಒಂದು ಸೆಮಿಸ್ಟರಿಗೆ ಸಾಲ ಕೊಡುತ್ತಾರೆಯೇ ಎಂದು ಶಾಖೆಯಲ್ಲಿ ಮೊದಲೇ ವಿಚಾರಿಸಬೇಕು. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ತೆರಿಗೆ ನಿಯಮದಲ್ಲಿ ಗೊತ್ತುಪಡಿಸಿದ, ಇದಕ್ಕಿಂತ ಬಹಳ ಕಡಿಮೆಯ ಬೇರೊಂದು ಮಿತಿಯನ್ನು ಮೀರಿದ ಮೊತ್ತಕ್ಕೆ ಬ್ಯಾಂಕು ಮೂಲದಲ್ಲೇ ಸಂಗ್ರಹಿಸುವ ತೆರಿಗೆಯನ್ನು (ಟಿಸಿಎಸ್) ಹಿಡಿಯುತ್ತದೆ. ಹಣ ಕಳಿಸಿದವರು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಇದನ್ನು ಹೊಂದಿಸಿಕೊಳ್ಳಬಹುದು. ಶಿಕ್ಷಣಕ್ಕೆ ಎಂದು ಕಳಿಸುವ ಹಣಕ್ಕೂ ಪ್ರವಾಸಕ್ಕೆ ಎಂದು ಕಳಿಸುವ ಹಣಕ್ಕೂ ತೆರಿಗೆಯ ನಿಯಮ ಬೇರೆಬೇರೆಯಾಗಿರುವುದರಿಂದ, ರವಾನೆಯ ಉದ್ದೇಶವನ್ನು ಸರಿಯಾಗಿ ನಮೂದಿಸಬೇಕು.

ಪಾಸ್‌ಪೋರ್ಟ್ ಮತ್ತು ವೀಸಾ

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಇಡೀ ತಯಾರಿಯಲ್ಲಿ ಹೆಚ್ಚು ಸಮಯ ತಿನ್ನುವುದು ಇದೇ. ಯಾನ ಮುಗಿದ ಮೇಲೂ ಕನಿಷ್ಠ ಆರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಸಾಮಾನ್ಯ ಪುಸ್ತಕದಲ್ಲಿ 36 ಪುಟ. ಹತ್ತು ದೇಶಗಳ ವೀಸಾ, ಮುದ್ರೆಗಳಿಗೆ ಅದು ಸಾಲದಾಗಬಹುದು. ಹೊಸದಾಗಿ ಮಾಡಿಸುವವರು 60 ಪುಟದ ಪುಸ್ತಕವನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಅಮೆರಿಕದ ಸಹಪಾಠಿಗೆ ವೀಸಾ ಬೇಡವಾದ ದೇಶಕ್ಕೆ ಭಾರತೀಯರಿಗೆ ಬೇಕಾಗುವುದು ಸಾಮಾನ್ಯ. ಆದ್ದರಿಂದ ಕಾರ್ಯಕ್ರಮದವರು ಎಲ್ಲರಿಗೂ ಕಳಿಸುವ ವೀಸಾ ಪಟ್ಟಿಯನ್ನು ನೆಚ್ಚದೆ, ಪ್ರತಿ ದೇಶದ ರಾಯಭಾರ ಕಚೇರಿಯ ನಿಯಮವನ್ನು ತಾನೇ ನೋಡಬೇಕು. ಮೂರು ವಿಷಯಗಳಿಗೆ ಎಚ್ಚರ ಬೇಕು. ಒಂದು, ಯುರೋಪಿನ ಷೆಂಗೆನ್ ವೀಸಾ. ಹಡಗು ಪೋರ್ಚುಗಲ್‌ನಿಂದ ಮೊರಾಕೊಗೆ ಹೋಗಿ ಮತ್ತೆ ಸ್ಪೇನಿಗೆ ಬಂದರೆ ಅದು ಎರಡನೆಯ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದವರು ಹಡಗಿನಲ್ಲೇ ಉಳಿಯಬೇಕಾಗುತ್ತದೆ. ಬ್ರಿಟನ್ನು ಷೆಂಗೆನ್‌ನಲ್ಲಿ ಇಲ್ಲ, ಅದಕ್ಕೆ ಬೇರೆಯದೇ ವೀಸಾ. ಎರಡು, ಇ–ವೀಸಾ. ವಿಮಾನ ನಿಲ್ದಾಣದಲ್ಲಿ ನಡೆಯುವ ಇ–ವೀಸಾ ಬಂದರಿನಲ್ಲಿ ನಡೆಯುತ್ತದೆ ಎಂದಿಲ್ಲ. ಪ್ರವೇಶದ ಸ್ಥಳಗಳ ಪಟ್ಟಿಯಲ್ಲಿ ಆ ಬಂದರಿನ ಹೆಸರಿದೆಯೇ ಎಂದು ಪರಿಶೀಲಿಸಬೇಕು. ಮೂರು, ಸಮಯ. ಪಾಸ್‌ಪೋರ್ಟನ್ನು ಒಂದೇ ಹೊತ್ತಿಗೆ ಎರಡು ಕಚೇರಿಗೆ ಕೊಡಲಾಗದು, ಆದ್ದರಿಂದ ಒಂದರ ಹಿಂದೊಂದು ಅರ್ಜಿ ಹಾಕಬೇಕು. ಯಾನದ ನಡುವೆ ಪಾಸ್‌ಪೋರ್ಟ್‌ಗಳನ್ನು ಹಡಗಿನ ಕಚೇರಿಯೇ ಇಟ್ಟುಕೊಳ್ಳುವುದರಿಂದ ಆಗ ಅರ್ಜಿ ಹಾಕುವ ಮಾತೇ ಇಲ್ಲ. ಆರು ತಿಂಗಳು ಮೊದಲೇ ಕೆಲಸ ಶುರು ಮಾಡಿದರೆ ಉಸಿರಾಡಲು ಸಮಯ ಸಿಗುತ್ತದೆ.

ಲಸಿಕೆ ಮತ್ತು ಔಷಧಿ

ಆಫ್ರಿಕಾ, ದಕ್ಷಿಣ ಅಮೆರಿಕದ ಹಲವು ದೇಶಗಳು ದಾರಿಯಲ್ಲಿದ್ದರೆ ಹಳದಿ ಜ್ವರದ ಲಸಿಕೆ ಬೇಕು. ಘಾನಾಕ್ಕೆ ಹೋಗುವವರೆಲ್ಲ ಪ್ರಮಾಣಪತ್ರ ತೋರಿಸಬೇಕು. ಭಾರತವೂ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹಳದಿ ಜ್ವರವಿರುವ ದೇಶದಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು, ಅವರು ಭಾರತೀಯರೇ ಆಗಿದ್ದರೂ, ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ, ಬೆಂಗಳೂರಿನಲ್ಲೂ ಅಂಥ ವ್ಯವಸ್ಥೆಯಿದೆ. ಹಾಕಿಸಿಕೊಂಡ ಹತ್ತು ದಿನಗಳ ಮೇಲೆ ಪ್ರಮಾಣಪತ್ರ ಊರ್ಜಿತವಾಗುತ್ತದೆ, 2016ರ ನಿಯಮದಂತೆ ಜೀವನಪರ್ಯಂತ ಸಲ್ಲುತ್ತದೆ. ಹೆಪಟೈಟಿಸ್ ಎ, ಟೈಫಾಯ್ಡ್ ಲಸಿಕೆ, ಮಲೇರಿಯಾ ತಡೆಯುವ ಮಾತ್ರೆಗಳ ಬಗ್ಗೆಯೂ ವೈದ್ಯರ ಸಲಹೆ ಪಡೆಯಬೇಕು.

ದಿನನಿತ್ಯ ಔಷಧಿ ತೆಗೆದುಕೊಳ್ಳುವವರು ಇಡೀ ಯಾನಕ್ಕೆ ಆಗುವಷ್ಟನ್ನು ಮೂಲ ಪ್ಯಾಕೆಟ್ಟಿನಲ್ಲೇ ಒಯ್ಯಬೇಕು. ಬ್ರ್ಯಾಂಡಿನ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರಿರುವ ವೈದ್ಯರ ಚೀಟಿ ಇರಬೇಕು. ನಮ್ಮ ಮೆಡಿಕಲ್ ಅಂಗಡಿಯಲ್ಲಿ ಸಲೀಸಾಗಿ ಸಿಗುವ ನೆಗಡಿ–ಕೆಮ್ಮಿನ ಕೆಲವು ಔಷಧಿಗಳಿಗೆ ಜಪಾನಿನಂಥ ದೇಶಗಳಲ್ಲಿ ನಿರ್ಬಂಧವಿದೆ. ಹಡಗಿನಲ್ಲಿ ವೈದ್ಯರೂ ಚಿಕ್ಕ ಚಿಕಿತ್ಸಾಲಯವೂ ಇರುತ್ತವೆ. ದೊಡ್ಡ ಕಾಯಿಲೆಗೆ ದಡಕ್ಕೇ ಸಾಗಿಸಬೇಕಾಗುವುದರಿಂದ, ತುರ್ತು ಸಾಗಣೆಯ ವೆಚ್ಚವನ್ನೂ ಭರಿಸುವ ವಿಮೆ ಅಗತ್ಯ.

ಸುರಕ್ಷತೆ

ಹಡಗು ಹೊರಡುವ ಹೊತ್ತಿಗೆ ಎಲ್ಲರೂ ಜೀವರಕ್ಷಕ ಅಂಗಿ ತೊಟ್ಟು ತಮ್ಮ ತಮ್ಮ ದೋಣಿಯ ಬಳಿ ಸೇರುವ ಕವಾಯತು ಕಡ್ಡಾಯ. ಏಳು ಚಿಕ್ಕ ಸದ್ದು, ಒಂದು ಉದ್ದನೆಯ ಸದ್ದು ಕೇಳಿದರೆ ತುರ್ತು ಎಂದರ್ಥ. 2005ರ ಜನವರಿಯಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ಆಗಿನ ‘ಎಂ.ವಿ. ಎಕ್ಸ್‌ಪ್ಲೋರರ್’ ಹಡಗಿಗೆ ದೈತ್ಯ ಅಲೆ ಬಡಿದು ಯಂತ್ರಗಳು ಕೈಕೊಟ್ಟಾಗ, ಹಡಗನ್ನು ಹೊನೊಲುಲುವಿಗೆ ತಿರುಗಿಸಬೇಕಾಯಿತು. ಕವಾಯತನ್ನು ಕಾಟಾಚಾರಕ್ಕೆ ಮಾಡಬಾರದು ಎಂಬುದಕ್ಕೆ ಇದು ಸಾಕ್ಷಿ.

ಆದರೂ ಕಡಲಿಗಿಂತ ದಡದಲ್ಲೇ ಹೆಚ್ಚು ಎಚ್ಚರ ಬೇಕು. 1996ರ ಮಾರ್ಚ್‌ನಲ್ಲಿ ಉತ್ತರ ಭಾರತದಲ್ಲಿ ಆಗ್ರಾಕ್ಕೆ ಹೊರಟಿದ್ದ ಬಸ್ಸು ಅಪಘಾತಕ್ಕೀಡಾಗಿ ಈ ಕಾರ್ಯಕ್ರಮದ ನಾಲ್ವರು ವಿದ್ಯಾರ್ಥಿಗಳು ಸತ್ತರು. ರಾತ್ರಿ ರಸ್ತೆ ಪ್ರಯಾಣ, ಬಾಡಿಗೆ ಬೈಕು, ಗೊತ್ತಿಲ್ಲದ ಕಡಲತೀರದಲ್ಲಿ ಈಜು ಇವುಗಳನ್ನು ದೂರವಿಡುವುದು ಕ್ಷೇಮ. ಯಾನದ ನಿಯಮಪುಸ್ತಕ ಇವುಗಳಲ್ಲಿ ಯಾವುದನ್ನು ನಿಷೇಧಿಸಿದೆ ಎಂಬುದನ್ನು ಓದಿಕೊಳ್ಳಬೇಕು. ನಿಯಮ ಮುರಿದವರನ್ನು ಯಾನದ ನಡುವೆಯೇ ಮನೆಗೆ ಕಳಿಸುವ ಅಧಿಕಾರ ಕಾರ್ಯಕ್ರಮದವರಿಗಿದೆ. ಯುದ್ಧ, ರೋಗ, ಬಿರುಗಾಳಿಗಳಿಂದ ದಾರಿ ಬದಲಾಗುವುದೂ ಉಂಟು. 2020ರ ವಸಂತ ಯಾನ ಕೋವಿಡ್‌ನಿಂದಾಗಿ ಅವಧಿಗೆ ಮುನ್ನವೇ ಮುಗಿಯಿತು. ಹಾಗಾಗಿ ಒಂದೇ ಒಂದು ದೇಶದ ಆಸೆಯಿಂದ ಯಾನವನ್ನು ಆಯ್ದುಕೊಳ್ಳಬಾರದು.

ಬೇರೆ ದಾರಿಗಳು

ಇಷ್ಟು ದುಡ್ಡು, ಇಷ್ಟು ದಿನ ಸಾಧ್ಯವಿಲ್ಲದವರಿಗೆ, ಬೇರೆ ಬಗೆಯ ಅನುಭವ ಬೇಕಾದವರಿಗೆ ಇನ್ನೂ ಕೆಲವು ಕಾರ್ಯಕ್ರಮಗಳಿವೆ. ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್‌ನಲ್ಲಿರುವ ಸೀ ಎಜುಕೇಷನ್ ಅಸೋಸಿಯೇಷನ್ 1971ರಿಂದ ಹಾಯಿಹಡಗುಗಳಲ್ಲಿ ಸಾಗರವಿಜ್ಞಾನ ಕಲಿಸುತ್ತಿದೆ. ಅಲ್ಲಿ ವಿದ್ಯಾರ್ಥಿಯೇ ಹಾಯಿ ಎಳೆಯಬೇಕು, ರಾತ್ರಿ ಕಾವಲು ಕಾಯಬೇಕು, ನೀರಿನ ಮಾದರಿ ಎತ್ತಿ ಪರೀಕ್ಷಿಸಬೇಕು. ಕೆನಡಾದ ಕ್ಲಾಸ್ ಅಫ್ಲೋಟ್ ಮುಖ್ಯವಾಗಿ ಪ್ರೌಢಶಾಲೆಯ ಕೊನೆಯ ವರ್ಷಗಳ ಮಕ್ಕಳಿಗೆ. ಜಪಾನ್ ಸರ್ಕಾರ ನಡೆಸುತ್ತ ಬಂದಿರುವ ‘ಶಿಪ್ ಫಾರ್ ವರ್ಲ್ಡ್ ಯೂತ್’ ಕಾರ್ಯಕ್ರಮದಲ್ಲಿ ಭಾರತದ ಯುವಜನರೂ ಭಾಗವಹಿಸಿದ್ದಾರೆ. ಅದರಲ್ಲಿ ಪದವಿಯ ಕ್ರೆಡಿಟ್ ಇಲ್ಲ, ಹಲವು ದೇಶದ ಯುವಜನರ ಒಡನಾಟವೇ ಅದರ ಗುರಿ.

ಮರಳಿದ ಮೇಲೆ

ಕೊನೆಯ ಪರೀಕ್ಷೆಗಳು ಹಡಗು ಕೊನೆಯ ಬಂದರು ತಲುಪುವ ಮೊದಲೇ ಮುಗಿಯುತ್ತವೆ. ಅಂಕಪಟ್ಟಿ ಕೆಲವು ವಾರಗಳ ಮೇಲೆ ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯಿಂದ ಬರುತ್ತದೆ. ಅದನ್ನು ತನ್ನ ವಿಶ್ವವಿದ್ಯಾಲಯಕ್ಕೆ ಅಧಿಕೃತವಾಗಿ ಕಳಿಸಲು ವಿದ್ಯಾರ್ಥಿಯೇ ಕೋರಿಕೆ ಸಲ್ಲಿಸಬೇಕು. ಹಡಗಿಗೆ ಕಟ್ಟಬೇಕಾದ ಬಾಕಿ ಉಳಿದಿದ್ದರೆ ಅಂಕಪಟ್ಟಿ ತಡವಾಗಬಹುದು, ಆದ್ದರಿಂದ ಇಳಿಯುವ ಮುನ್ನವೇ ಲೆಕ್ಕ ಚುಕ್ತಾ ಮಾಡುವುದು ಸರಿ. ಕ್ರೆಡಿಟ್ ವರ್ಗಾವಣೆಗೆ ಪಠ್ಯವಿವರ, ಕ್ಷೇತ್ರ ತರಗತಿಗಳ ವರದಿ, ಹೊರಡುವ ಮುನ್ನ ಪಡೆದ ಅನುಮತಿ ಪತ್ರ ಇವುಗಳ ಪ್ರತಿ ಬೇಕಾಗುತ್ತವೆ. ಇವನ್ನು ಮೊದಲ ದಿನದಿಂದಲೇ ಒಂದೇ ಕಡತದಲ್ಲಿ ಇಟ್ಟುಕೊಂಡವರಿಗೆ ಈ ಕೆಲಸ ಕಚೇರಿಗೆ ಒಂದೆರಡು ಬಾರಿ ಹೋಗಿಬರುವುದರಲ್ಲಿ ಮುಗಿಯುತ್ತದೆ.